ಮಧ್ಯಾಹ್ನದ ಸಾಹೇಬರು

ಅವರು ತೀರಿಕೊಂಡ ಮೇಲೆ ಎಲ್ಲರೂ ಅವರನ್ನು ಒಳ್ಳೆಯವರು ಎನ್ನಲು ಶುರುಮಾಡಿದ್ದಾರೆ. ನನಗೆ ಮೈಯುರಿಯುವುದು ಅದಕ್ಕೇ. ಬದುಕಿದ್ದಾಗ ಅವರ ಚಪ್ಪಲಿ ಸದ್ದು ಕೇಳಿದರೆ ಕುರ್ಚಿ ಬಿಟ್ಟು ಕ್ಯಾಂಟೀನಿಗೆ ಓಡುತ್ತಿದ್ದವರೇ ಸಂತಾಪ ಸಭೆಯಲ್ಲಿ ಮುಂದಿನ ಸಾಲು ಹಿಡಿದು ಕೂತು ಕರ್ಚೀಫು ಒದ್ದೆ ಮಾಡಿಕೊಂಡರು. ಒಬ್ಬರು ಪರಿಸರಪ್ರೇಮಿ ಎಂದರು. ಇನ್ನೊಬ್ಬರು ಅಜಾತಶತ್ರು ಎಂದರು. ಅಜಾತಶತ್ರುವಂತೆ! ನಮ್ಮ ಕಚೇರಿಯಲ್ಲಿ ಅವರು ಜಗಳವಾಡದೆ ಬಿಟ್ಟಿದ್ದು ಗೋಡೆ ಗಡಿಯಾರ ಒಂದರ ಜೊತೆ ಮಾತ್ರ ಅನ್ನೋಣವೆಂದರೆ ಅದರ ಜೊತೆಗೂ ಆಡಿದ್ದರು, ಅದನ್ನು ಮುಂದೆ ಹೇಳುತ್ತೇನೆ.

ಪರಿಸರಪ್ರೇಮಿಯಂತೂ ಅಲ್ಲವೇ ಅಲ್ಲ. ಅವರು ಒಂದು ಗಿಡ ನೆಟ್ಟಿದ್ದನ್ನು ನಾನು ಕಂಡಿಲ್ಲ. ಪರಿಸರ ದಿನದಂದು ನಮ್ಮ ಕಚೇರಿಯ ಮುಖ್ಯಸ್ಥರಾದ ದೊಡ್ಡ ಸಾಹೇಬರು ಕೈಗೆ ಸಸಿ ಕೊಟ್ಟರೆ, “ಫೋಟೋ ಆದ ಮ್ಯಾಲ ಇದಕ್ಕ ನೀರು ಹಾಕಾವ್ರು ಯಾರ್ರಿ?” ಎಂದು ಎಲ್ಲರೆದುರೇ ತಿರುಗಿ ಕೊಟ್ಟಿದ್ದರು. ಹೋದವರ ಬಗ್ಗೆ ಸುಳ್ಳು ಹೇಳುವುದು ಮರ್ಯಾದೆ ಎನ್ನುವುದಾದರೆ ಆ ಮರ್ಯಾದೆ ನನಗೆ ಬೇಡ. ಅವರು ಸಿಡುಕರು, ಒರಟರು, ಒಂದು ಮಾತನ್ನು ಎರಡು ಸಲ ಹೇಳದವರು. ಮತ್ತು ಅವರು ಹೇಳಿದ್ದು ಸರಿಯಾಗಿತ್ತು. ಆ ಕೊನೆಯದೊಂದನ್ನು ಮಾತ್ರ ಸಭೆಯಲ್ಲಿ ಯಾರೂ ಹೇಳಲಿಲ್ಲ.

ನಾನು ಬಳ್ಳಾರಿಯ ಆ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಗಾಳಿ ಕೆಟ್ಟಿದೆಯೋ, ನೀರು ಕೆಟ್ಟಿದೆಯೋ ಎಂದು ಪರೀಕ್ಷೆ ಮಾಡಿ ಮೇಲಿನವರಿಗೆ ವರದಿ ಕಳಿಸುವ ಸರ್ಕಾರಿ ಕಚೇರಿ ಅದು. ಅವರು ಅಲ್ಲಿಗೆ ವೈಜ್ಞಾನಿಕ ಅಧಿಕಾರಿಯಾಗಿ ವರ್ಗವಾಗಿ ಬಂದರು. ಮಾರ್ಚ್ ತಿಂಗಳು, ಬಿಸಿಲು ಆಗಲೇ ತಲೆ ಮೇಲೆ ಕೂತಿತ್ತು. ಬಂದವರೇ ನಮಸ್ಕಾರವಿಲ್ಲ, ಪರಿಚಯವಿಲ್ಲ, ನನ್ನ ಮೇಜಿನ ಹತ್ತಿರ ನಿಂತು ಒಂದು ಹಳೆಯ ಫೈಲಿನಿಂದ ತುಂಡಾಗಿ ಬಿದ್ದಿದ್ದ ರಬ್ಬರ್ ಬ್ಯಾಂಡು ಎತ್ತಿಕೊಂಡರು. ಕನ್ನಡಕ ತೆಗೆದು, ಅಂಗಿ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಆ ತುಂಡನ್ನು ಎಳೆದೆಳೆದು ನೋಡಿದರು.

“ಮೇಡಂ, ಬ್ಯಾಸಿಗ್ಯಾಗ ಇವು ಭಾಳ ಹರೀತಾವೇನು?”

“ಹರೀತಾವ್ರಿ. ಬಿಸಿಲು ನೋಡ್ರಿ ಹೆಂಗೈತಿ.”

“ಬಿಸಿಲು ಹರಿಯಂಗಿಲ್ರಿ. ಬಿಸಿಲು ಹರಿಸ್ತೈತಿ,” ಎಂದು ಹೇಳಿ ಹೋಗಿಬಿಟ್ಟರು. ತಲೆಬುಡ ಅರ್ಥವಾಗಲಿಲ್ಲ. ಇಂಥವರನ್ನು ನಿವೃತ್ತಿಯವರೆಗೆ ಸಹಿಸಬೇಕಲ್ಲ ಶಿವನೇ ಎಂದುಕೊಂಡೆ. ಮದುವೆಯಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಆ ಬಾಯಿಗೆ ಹೆಣ್ಣು ಕೊಡುವವರು ಯಾರು ಎಂದು ನಾವು ಹೆಂಗಸರು ಊಟದ ಡಬ್ಬಿ ಬಿಚ್ಚಿಕೊಂಡು ನಕ್ಕೆವು.

ಅವರ ತಲೆಯಲ್ಲಿ ಇದ್ದದ್ದು ಓಜೋನು. ಅದೂ ನೆಲದ ಮಟ್ಟದ ಓಜೋನು, ನಾವು ಉಸಿರಾಡುವ ಗಾಳಿಯಲ್ಲಿ ಇರುವುದು. ಲಾರಿ, ಜನರೇಟರು, ಕಾರ್ಖಾನೆಗಳ ಹೊಗೆ ಇದೆಯಲ್ಲ, ಬಣ್ಣದ ಥಿನ್ನರಿನ ಆವಿ ಇದೆಯಲ್ಲ, ಅವೆರಡೂ ಕಡು ಬಿಸಿಲಿನಲ್ಲಿ ಬೆಂದು ಈ ವಿಷ ಹುಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎದೆಯ ಒಳಗಿನ ಪೊರೆಯನ್ನು ಸುಡುತ್ತದೆ. ರಬ್ಬರನ್ನು ಎಳೆದು ಕಟ್ಟಿದ್ದರೆ ಅದನ್ನೂ ಸೀಳುತ್ತದೆ. ಬೇಯಲು ಹೊತ್ತು ಬೇಕಾದ್ದರಿಂದ ಅದು ಹೊಗೆ ಹುಟ್ಟಿದ ಊರಿಗಿಂತ ಗಾಳಿ ಹೋಗುವ ಊರಿನಲ್ಲಿ ಹೆಚ್ಚು. ಇದನ್ನೆಲ್ಲ ಅವರು ನನಗೆ ಒಂದೇ ಉಸಿರಿನಲ್ಲಿ ಹೇಳಿದ್ದರು: “ಹೊಗಿ ಬಳ್ಳಾರೀದು, ಅಡಿಗಿ ಬಿಸಿಲಿಂದು, ಉಣ್ಣಾವ್ರು ಕುರುಗೋಡು ಸಿರುಗುಪ್ಪದವ್ರು. ತಿಳೀತೇನ್ರಿ?” ತಿಳಿಯಲಿಲ್ಲ ಎಂದರೆ ಮುಖ ತಿರುಗಿಸಿ ಹೋಗುತ್ತಾರೆಂದು ತಿಳಿಯಿತು ಎಂದೆ. ಆಮೇಲೆ ನಿಜವಾಗಿಯೂ ತಿಳಿಯಿತು.

ಏಪ್ರಿಲ್ ಬಂತು. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಳ್ಳಾರಿ ಬಿಸಿಲಿನಲ್ಲಿ ಬೇಯುವ ನೌಕರರಿಗೆ ಸರ್ಕಾರ ತೋರಿಸಿದ ಕರುಣೆ ಅದು. ಒಂದೂವರೆಗೆ ಬೀಗ ಹಾಕಿ, ಮನೆಗೆ ಹೋಗಿ, ಮಜ್ಜಿಗೆ ಅನ್ನ ಉಂಡು, ಫ್ಯಾನಿನ ಕೆಳಗೆ ತಂಪು ನೆಲದ ಮೇಲೆ ಉರುಳುವ ಸುಖವನ್ನು ನಾನೇಕೆ ಅಲ್ಲಗಳೆಯಲಿ? ವರ್ಷವಿಡೀ ಅದಕ್ಕಾಗಿ ಕಾಯುತ್ತಿದ್ದೆವು.

ಗಾಳಿ ಪರೀಕ್ಷೆ ಆಗ ಕೈಯಿಂದ ಮಾಡುವಂಥದು. ಒಂದು ಯಂತ್ರ ಗಾಳಿಯನ್ನು ಎಳೆದು ಗಾಜಿನ ಬುಡ್ಡಿಯಲ್ಲಿರುವ ದ್ರಾವಣದೊಳಗೆ ಬಿಡುತ್ತಿತ್ತು. ಅದನ್ನು ಪ್ರಯೋಗಾಲಯದಲ್ಲಿ ನೋಡುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಊಟವಾದ ಮೇಲೆ ಮಾಡುತ್ತಿದ್ದ ಈ ಕೆಲಸವನ್ನು ಬೇಸಿಗೆಯಲ್ಲಿ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮುಗಿಸುತ್ತಿದ್ದರು. ಎಷ್ಟೋ ವರ್ಷದಿಂದ ಹೀಗೇ. ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ. ಹಾಗಾಗಿ ನಮ್ಮ ವರದಿಗಳ ಪ್ರಕಾರ ಬಳ್ಳಾರಿಯಲ್ಲಿ ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಓಜೋನು ಕಡಿಮೆ. “ಬಿಸಿಲಿನ ತಾಪದಿಂದ ಗಾಳಿ ಶುದ್ಧಗೊಳ್ಳುತ್ತದೆ” ಎಂದು ದೊಡ್ಡ ಸಾಹೇಬರು ವಾರ್ಷಿಕ ವರದಿಯಲ್ಲಿ ಬರೆಸಿದ್ದರು. ಟೈಪು ಮಾಡಿದ್ದೂ ನಮ್ಮ ಶಾಖೆಯೇ.

ಆ ಸಾಲನ್ನು ಓದಿದ ದಿನ ಅವರು ಕಚೇರಿಯ ನಡುವೆ ನಿಂತು ನಕ್ಕಿದ್ದು ನನ್ನ ಕಿವಿಯಲ್ಲಿದೆ. ಸಂತೋಷದ ನಗು ಅಲ್ಲ. ಗೋಡೆ ಗಡಿಯಾರಕ್ಕೆ ಬೆರಳು ತೋರಿಸಿ, “ನಿನಗ ನಾಚಿಕಿ ಆಗಂಗಿಲ್ಲೇನಲೇ?” ಎಂದರು. ಅಟೆಂಡರ್ ಹೊನ್ನೂರಪ್ಪ ತನಗೇ ಬೈದರೆಂದು ಎದ್ದು ನಿಂತ. ಅವತ್ತಿನಿಂದ ಅವರು ಒಂದೂವರೆಗೆ ಮನೆಗೆ ಹೋಗುವುದನ್ನು ಬಿಟ್ಟು ಬಿಸಿಲಿನಲ್ಲಿ ಊರೂರು ತಿರುಗತೊಡಗಿದರು. ಅವತ್ತಿನಿಂದಲೇ ಅವರಿಗೆ ಮಧ್ಯಾಹ್ನದ ಸಾಹೇಬರು ಎಂಬ ಹೆಸರು ಬಂತು. ಗೌರವದಿಂದ ಇಟ್ಟ ಹೆಸರಲ್ಲ ಅದು.

ಅವರಿಗೆ ಇಷ್ಟೊಂದು ಉರಿ ಯಾಕೆ ಎಂಬುದು ಕುರುಗೋಡಿಗೆ ಹೋದ ದಿನ ಗೊತ್ತಾಯಿತು. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ತಪಾಸಣೆಗೆ ಕಚೇರಿ ಜೀಪಿನಲ್ಲಿ ಹೊರಟಿದ್ದೆವು. ಕುರುಗೋಡಿನಲ್ಲಿ ಜೀಪು ನಿಲ್ಲಿಸಿ, “ಅಕ್ಕನ್ನ ನೋಡಿ ಬರ್ತೀನಿ, ನೀವೂ ಬರ್ರಿ,” ಎಂದರು. ಊರ ಹೊರಗೆ ಮೆಣಸಿನಕಾಯಿ ಒಣಗಿಸುವ ಕಣ. ಕಣ್ಣು ಹಾಯುವಷ್ಟು ದೂರ ಕೆಂಪು. ಹೆಂಗಸರು ಸೆರಗನ್ನು ಮೂಗಿಗೆ ಸುತ್ತಿಕೊಂಡು ಕಾಲಿನಿಂದ ಕಾಯಿ ಹರವುತ್ತಿದ್ದರು. ಅವರ ನಡುವಿನಿಂದ ಒಬ್ಬ ಹೆಂಗಸು ಎದೆ ಮೇಲೆ ಕೈಯಿಟ್ಟುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ನಮ್ಮ ಕಡೆ ಬಂದಳು. ಅವಳೇ ಹುಲಿಗೆಮ್ಮ. ತಾಯಿ ಇಲ್ಲದ ತಮ್ಮನನ್ನು ಸಾಕಿ, ಅದೇ ಕಣದ ಕೂಲಿಯಲ್ಲಿ ಓದಿಸಿದವಳು.

ಡಾಕ್ಟರು ಮೆಣಸಿನಕಾಯಿ ಘಾಟಿನ ಕೆಮ್ಮು ಎಂದಿದ್ದರಂತೆ. ಊರೆಲ್ಲ ಅದನ್ನೇ ಹೇಳುತ್ತಿತ್ತು. ತಮ್ಮ ಒಪ್ಪುತ್ತಿರಲಿಲ್ಲ.

“ಮುಂಜಾನಿ ರಾಶಿ ಬಿಚ್ಚತಿ, ಆವಾಗ ಘಾಟು ಇರಂಗಿಲ್ಲೇನು? ಆವಾಗ ಯಾಕ ದಮ್ಮು ಹತ್ತಂಗಿಲ್ಲ? ಮಧ್ಯಾಹ್ನ ಮ್ಯಾಲೇ ಯಾಕ ಹತ್ತತೈತಿ?”

“ಅದನ್ನ ನೀನು ಓದೀದಿ, ನೀನ ಹೇಳು,” ಎಂದಳು ಅಕ್ಕ.

“ಸಿರುಗುಪ್ಪದ ಗಿರಣ್ಯಾಗ ನೆಲ್ಲು ಒಣಗಸ್ತಾರ. ಅಲ್ಲಿ ಎಲ್ಲೈತಿ ಮೆಣಸಿನಕಾಯಿ? ಅಲ್ಲೀ ಹೆಣ್ಮಕ್ಕಳಿಗೂ ಇದ ಕೆಮ್ಮು, ಇದ ಹೊತ್ತಿಗೆ. ಅಕ್ಕಾ, ಬ್ಯಾಸಿಗಿ ಮುಗಿಯೋತನ ಮಧ್ಯಾಹ್ನ ಕಣಕ್ಕ ಬರಬ್ಯಾಡ. ಬಳ್ಳಾರಿಗೆ ಬಂದುಬಿಡು, ನನ್ನ ಮನ್ಯಾಗ ಇರು.”

ಹುಲಿಗೆಮ್ಮ ನನ್ನ ಕಡೆ ನೋಡಿ ನಕ್ಕಳು. “ನೋಡ್ರಿ ಅಮ್ಮಾರ, ಹೆಂಗ ಹೇಳ್ತಾನ. ಬಿಸಿಲಿಗೆ ಕೂಲಿ ಕೊಡ್ತಾರ, ನೆಳ್ಳಿಗೆ ಯಾರು ಕೊಡ್ತಾರಲೇ ತಮ್ಮಾ? ನಾ ಒಬ್ಬಾಕಿ ಬಂದ್ನಿ ಅನ್ನು, ಇವರೆಲ್ಲಾ? ಇವರಿಗೂ ನಿನ್ನ ಮನ್ಯಾಗ ಜಾಗ ಐತೇನು?”

ಯಾರ ಮಾತಿಗೂ ಸುಮ್ಮನಾಗದ ಮನುಷ್ಯ ಅಕ್ಕನ ಮಾತಿಗೆ ಬಾಯಿಮುಚ್ಚಿಕೊಂಡು ಜೀಪು ಹತ್ತಿದ್ದನ್ನು ನಾನು ನೋಡಿದೆ. ಆಮೇಲೆ ಅವರು ಕೇಳಿದ್ದು ಇಷ್ಟೇ, ಸಾಯುವವರೆಗೂ ಅಷ್ಟೇ: ಬೇಸಿಗೆಯಲ್ಲಿ ಓಜೋನು ಏರಿದ ದಿನ ಮಧ್ಯಾಹ್ನ ಬಯಲಿನ ಕೆಲಸ ನಿಲ್ಲಬೇಕು, ನಿಂತ ಹೊತ್ತಿನ ಕೂಲಿ ಕಡಿಯಬಾರದು, ಬಳ್ಳಾರಿಯಲ್ಲಿ ಆ ಹೊತ್ತಿಗೆ ಜನರೇಟರು, ಬಣ್ಣದ ಘಟಕ, ಸುಮ್ಮನೆ ಎಂಜಿನ್ ಓಡಿಸಿಕೊಂಡು ನಿಲ್ಲುವ ಲಾರಿ ಬಂದ್ ಆಗಬೇಕು. ಅಕ್ಕ ಉಸಿರಾಡಬೇಕು. ಎಲ್ಲರೂ ಅವರಿಗೆ ದೊಡ್ಡ ದೊಡ್ಡ ಆದರ್ಶ ಕಟ್ಟಿ ಮಾತಾಡುತ್ತಾರೆ. ಆ ಮನುಷ್ಯನಿಗೆ ಬೇಕಿದ್ದದ್ದು ತನ್ನ ಅಕ್ಕ ನಾಲ್ಕು ಹೆಜ್ಜೆಗೆ ನಿಲ್ಲದೆ ನಡೆಯುವುದು.

ಅದನ್ನು ಕೇಳುವ ರೀತಿ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಒಂದು ಶಾಲೆಯಲ್ಲಿ ಓಜೋನ್ ದಿನಾಚರಣೆ. ಮಕ್ಕಳು ‘ಓಜೋನ್ ಉಳಿಸಿ’ ಎಂಬ ಹಲಗೆ ಹಿಡಿದು ಮಧ್ಯಾಹ್ನದ ಬಿಸಿಲಿನಲ್ಲಿ ಮೆರವಣಿಗೆ ಮಾಡಿ, ಬೆವರಿ, ಸಾಲಾಗಿ ಕೂತಿದ್ದವು. ದೊಡ್ಡ ಸಾಹೇಬರು ಓಜೋನು ನಮ್ಮ ರಕ್ಷಾಕವಚ ಎಂದು ಚಂದವಾಗಿ ಮಾತಾಡಿ ಕೂತರು. ಇವರು ಎದ್ದು ಮೈಕು ಹಿಡಿದು, “ಮ್ಯಾಲಿದ್ರ ಛತ್ರಿ, ಕೆಳಗಿದ್ರ ವಿಷ. ನೀವು ಈಗ ಮೆರವಣಿಗಿ ಮಾಡಿ ಕುಡದು ಬಂದಿದ್ದು ವಿಷಾನ. ಮುಂದಿನ ವರ್ಷ ಮುಂಜಾನಿ ಮಾಡ್ರಿ,” ಎಂದುಬಿಟ್ಟರು. ಪುಟ್ಟ ಹುಡುಗಿಯೊಬ್ಬಳು ಅಳಲು ಶುರುಮಾಡಿದಳು. ಹೆಡ್‌ಮಾಸ್ಟರರ ಮುಖ ಹುಳ್ಳಗಾಯಿತು. ಮರುವರ್ಷ ಆಮಂತ್ರಣ ಪತ್ರಿಕೆ ಬಂದಾಗ ಕೆಳಗೆ ಕೈಬರಹದಲ್ಲಿ ಒಂದು ವಿನಂತಿ ಇತ್ತು: ದಯವಿಟ್ಟು ಆ ಸಾರ್ ಅವರನ್ನು ಕಳಿಸಬೇಡಿ.

“ಹಂಗ ಹೇಳಬೌದೇನ್ರಿ ಮಕ್ಕಳಿಗೆ?” ಎಂದು ನಾನೇ ತರಾಟೆಗೆ ತೆಗೆದುಕೊಂಡೆ.

“ಮತ್ತ ಹೆಂಗ ಹೇಳಬೇಕಿತ್ರಿ? ಹಾಡು ಕಟ್ಟಿ ಹೇಳಬೇಕಿತ್ತೇನು?” ಎಂದರು. ಅಂಥವರಿಗೆ ಬುದ್ಧಿ ಹೇಳಲು ಹೋಗುವುದು ನೀರಲ್ಲಿ ಹೋಮ ಮಾಡಿದ ಹಾಗೆ.

ಎರಡನೆಯ ಬೇಸಿಗೆಯಲ್ಲಿ ಯಂತ್ರವನ್ನು ತಮ್ಮ ಬೈಕಿನ ಹಿಂದೆ ಕಟ್ಟಿಕೊಂಡು, ಬುಡ್ಡಿಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಮಧ್ಯಾಹ್ನ ಒಬ್ಬರೇ ಕುರುಗೋಡಿಗೂ ಸಿರುಗುಪ್ಪಕ್ಕೂ ತಿರುಗಿದರು. ಜೀಪಿನ ಡ್ರೈವರು ಒಂದೂವರೆ ಮೇಲೆ ಬರುವುದಿಲ್ಲ ಎಂದಿದ್ದ. ಮುಖ ಸುಟ್ಟ ಬದನೆಕಾಯಿಯಾಯಿತು. ತಿಂಗಳ ಕೊನೆಗೆ ಫಲಿತಾಂಶ ತಂದು ದೊಡ್ಡ ಸಾಹೇಬರ ಮುಂದಿಟ್ಟರು. ಕಾನೂನಿನಲ್ಲಿ ಬರೆದ ಮಿತಿ ಎಲ್ಲೋ, ಕುರುಗೋಡಿನ ಗಾಳಿ ಎಲ್ಲೋ.

ನಮ್ಮ ದೊಡ್ಡ ಸಾಹೇಬರು ಕೆಟ್ಟವರು ಎಂದು ಹೇಳಲಾರೆ. ಬೆಣ್ಣೆಯಂಥ ಮಾತು. ಯಾರಿಗೂ ಗದರಿದವರಲ್ಲ. ಕಾಗದ ಓದಿ, ಕನ್ನಡಕದ ಮೇಲಿಂದ ನೋಡಿ, “ಇದು ಕಚೇರಿ ಅವಧಿ ಮುಗಿದ ಮ್ಯಾಲ ತಗೊಂಡಿದ್ದಲ್ಲೇನ್ರಿ? ಹಂಗಾರ ಇದು ಕಚೇರಿ ವರದಿ ಆಗಂಗಿಲ್ಲ. ನಿಮ್ಮ ಸ್ವಂತ ಹವ್ಯಾಸ ಆಗತೈತಿ,” ಎಂದರು. ಅಷ್ಟಕ್ಕೇ ಬಿಡಲಿಲ್ಲ. ಅವಧಿಯ ಹೊರಗೆ ಸರ್ಕಾರಿ ಯಂತ್ರ ಬಳಸಿದ್ದಕ್ಕೆ ಕಾರಣ ಕೇಳಿ ನೋಟಿಸು ಕೊಟ್ಟರು. ಇವರ ಉತ್ತರ ಒಂದೇ ಸಾಲು: ಓಜೋನು ಕಚೇರಿ ಅವಧಿಯಲ್ಲಿ ಹಾಜರಿರುವುದಿಲ್ಲ. ಕೆಳಗೆ, ಪ್ರತಿಗಳು ಯಾರ್‍ಯಾರಿಗೆ ಎಂದು ಬರೆಯುವ ಜಾಗದಲ್ಲಿ, ‘ಸೂರ್ಯ, ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ’ ಎಂದು ಬರೆದಿದ್ದರು. ನಾನು ನಕ್ಕು ಕಣ್ಣೀರು ಒರೆಸಿಕೊಂಡೆ. ಅವರ ವಾರ್ಷಿಕ ವೇತನ ಬಡ್ತಿ ನಿಂತುಹೋಯಿತು.

ಆಗಲೇ ರಬ್ಬರ್ ಬ್ಯಾಂಡುಗಳ ಪರ್ವ ಶುರುವಾದದ್ದು. ಬ್ರೂಸ್‌ಪೇಟೆಯ ಅಂಗಡಿಯಿಂದ ಒಂದೇ ಪೊಟ್ಟಣದವು ತಂದು, ಇಟ್ಟಿಗೆಗಳಿಗೆ ಬಿಗಿಯಾಗಿ ಎಳೆದು ಕಟ್ಟಿ ಒಂದನ್ನು ನಮ್ಮ ಕಚೇರಿಯ ವರಾಂಡದಲ್ಲಿ, ಒಂದನ್ನು ಅಕ್ಕನ ಮನೆಯ ಜಂತಿಯ ಕೆಳಗೆ, ಒಂದನ್ನು ಸಿರುಗುಪ್ಪದ ಪರಿಚಯದವರ ಪಡಸಾಲೆಯಲ್ಲಿ ಇಟ್ಟರು. ಎಲ್ಲ ನೆರಳಿನಲ್ಲೇ. ಪ್ರತಿಯೊಂದರ ಪಕ್ಕದಲ್ಲಿ ಇನ್ನೊಂದನ್ನು ಗಾಜಿನ ಭರಣಿಯೊಳಗೆ ಹಾಕಿ ಮುಚ್ಚಳ ಬಿಗಿದರು. ಭರಣಿಯೊಳಗಿನವು ಅದೇ ಶೆಕೆಯಲ್ಲಿ ಬೆಂದರೂ ಹಾಗೇ ಇದ್ದವು. ಹೊರಗಿನವು ಸೀಳಿದವು. ನಮ್ಮ ವರಾಂಡದ್ದಕ್ಕಿಂತ ಮೊದಲು ಕುರುಗೋಡಿನದು ಹರಿಯಿತು.

ಅದನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಜಿಲ್ಲೆಯ ಸಭೆಗೆ ಹೋದರು. ಮಿನರಲ್ ವಾಟರ್ ಬಾಟಲಿಗಳ ನಡುವೆ ಇಟ್ಟಿಗೆ ಇಟ್ಟಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಗಿರಣಿ ಮಾಲೀಕರ ಪರವಾಗಿ ಬಂದಿದ್ದ ಹಿರಿಯರೊಬ್ಬರು, “ಏಮಂಡಿ ಸಾರ್, ಮಧ್ಯಾಹ್ನದ ಬಿಸಿಲು ಬಿಟ್ರ ನೆಲ್ಲು ಹೆಂಗ ಒಣಗತೈತಿ? ನೀವು ಬಂದು ಊದ್ತೀರೇನು?” ಎಂದರು. ಸಭೆ ನಕ್ಕಿತು. ಇವರು ನಗಲಿಲ್ಲ. ಹರಿದ ರಬ್ಬರನ್ನು ಅವರ ಕೈಯಲ್ಲಿಟ್ಟು, “ಇದು ರಬ್ಬರ್ರಿ. ಎದಿ ಇದಕ್ಕಿಂತ ಮೆತ್ತಗೈತಿ,” ಎಂದರು. ಆ ಒಂದು ಸಲ ಅವರ ಒರಟು ಬಾಯಿ ಕೆಲಸಕ್ಕೆ ಬಂತು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿಣಿ ಆ ತುಂಡನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಹಗಲು ರಾತ್ರಿ ತನ್ನಷ್ಟಕ್ಕೆ ತಾನೇ ಅಳೆಯುವ ಹೊಸ ಯಂತ್ರ ತರಿಸೋಣ, ಅದರ ಅಂಕಿ ನೋಡಿ ಆದೇಶ ಮಾಡೋಣ ಎಂದರು.

ಅವತ್ತು ಅವರು ಪೇಡೆಯ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. “ತಿನ್ನರಿ ಮೇಡಂ. ಹೊಸಾ ಯಂತ್ರಕ್ಕ ಬ್ಯಾಸಿಗಿ ವೇಳಾಪಟ್ಟಿ ಇರಂಗಿಲ್ಲ.” ಆ ಮುಖದಲ್ಲಿ ಅಂಥ ಬೆಳಕು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಯಂತ್ರ ಬಂತು. ಕುರುಗೋಡಿನಲ್ಲಿ ಇಡಿ ಎಂದು ಕೇಳಿದ್ದರು. ನಮ್ಮ ಕಚೇರಿಯಲ್ಲೇ ಕೂರಿಸಿದರು. ರಿಬ್ಬನ್ ಕತ್ತರಿಸುವವರಿಗೆ ಅಷ್ಟು ದೂರ ಹೋಗಲು ಪುರುಸೊತ್ತಿರಲಿಲ್ಲ. ಹೋಗಲಿ ಬಿಡ್ರಿ, ಇಲ್ಲಿಯಾದರೂ ಮಧ್ಯಾಹ್ನ ಅಳೆಯುತ್ತದಲ್ಲ ಎಂದು ನಾನು ಸಮಾಧಾನ ಮಾಡಿದೆ. ಗೇಟಿನ ಮೇಲೆ ಒಂದು ದೀಪದ ಫಲಕ ಬಂತು. ಗಾಳಿ ಒಳ್ಳೆಯದಿದ್ದರೆ ಹಸಿರು, ಕೆಟ್ಟರೆ ಕೆಂಪು.

ಬೇಸಿಗೆ ಬಂತು, ಹಸಿರು ಹಸಿರಾಗಿಯೇ ಉಳಿಯಿತು. ಏಪ್ರಿಲ್ ಕಳೆಯುತ್ತಿದ್ದರೂ ಕೆಂಪಾಗಲಿಲ್ಲ. ದೊಡ್ಡ ಸಾಹೇಬರು ಮೀಸೆಯಡಿ ನಗುತ್ತ, “ಯಂತ್ರ ಸುಳ್ಳು ಹೇಳತೈತೇನ್ರಿ?” ಎಂದು ಎಲ್ಲರೆದುರು ಕೇಳಿದರು. ಇವರು ತಲೆ ತಗ್ಗಿಸಿದರು. ಆ ವಾರ ಕುರುಗೋಡಿನಿಂದ ಫೋನು ಬಂದಿತ್ತು, ಹುಲಿಗೆಮ್ಮನನ್ನು ಆಸ್ಪತ್ರೆಗೆ ಹಾಕಿದ್ದರು. ಆಕ್ಸಿಜನ್ ಹಚ್ಚಿದ್ದರು. ಯಂತ್ರ ಹಸಿರು ಎನ್ನುತ್ತಿತ್ತು, ಅಕ್ಕ ಉಸಿರು ಸಿಗುತ್ತಿಲ್ಲ ಎನ್ನುತ್ತಿದ್ದಳು. ತಾನೇ ತಪ್ಪೇನೋ ಎಂದು ಅವರಿಗೆ ಮೊದಲ ಸಲ ಅನ್ನಿಸಿರಬೇಕು. ಎರಡು ದಿನ ಯಾರ ಮೇಲೂ ರೇಗಲಿಲ್ಲ. ಅದನ್ನು ನೋಡಿ ನನಗೆ ಭಯವಾಯಿತು.

ಮೂರನೆಯ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಬಂದವರು ಬಿಟ್ಟುಹೋದ ಚೀಲ ತೆಗೆದುಕೊಳ್ಳಲು ಕಚೇರಿಯ ಬೀಗ ತೆಗೆಸಿದರು. ಒಳಗೆ ಫ್ಯಾನಿನ ಗುಂಡಿ ಒತ್ತಿದರೆ ತಿರುಗಲಿಲ್ಲ. ಮೇನ್ ಸ್ವಿಚ್ ಕೆಳಗಿತ್ತು.

ಹಿಂದೊಮ್ಮೆ ನಮ್ಮ ದಾಖಲೆ ಕೋಣೆಯಲ್ಲಿ ವೈರು ಸುಟ್ಟು ಬೆಂಕಿ ಬಿದ್ದಿತ್ತು. ಅವತ್ತಿನಿಂದ ಬಾಗಿಲು ಹಾಕುವಾಗ ಮೇನ್ ಇಳಿಸಿ ಹೋಗಬೇಕೆಂದು ನಿಯಮ. ಹೊನ್ನೂರಪ್ಪ ಆ ನಿಯಮವನ್ನು ಪೂಜೆಯಂತೆ ಪಾಲಿಸುತ್ತಿದ್ದ. ಒಂದೂವರೆಗೆ ಮೇನ್ ಇಳಿಸುತ್ತಿದ್ದ, ಬೆಳಿಗ್ಗೆ ಎಂಟಕ್ಕೆ ಏರಿಸುತ್ತಿದ್ದ. ಗೇಟಿನ ಫಲಕಕ್ಕೆ ರಸ್ತೆಯ ಕಂಬದಿಂದ ಬೇರೆ ಕರೆಂಟು ಕೊಟ್ಟಿದ್ದರಿಂದ ಅದು ಕೊನೆಗೆ ಬಂದ ಅಂಕಿಯನ್ನೇ ಹಿಡಿದುಕೊಂಡು ಮಧ್ಯಾಹ್ನವೆಲ್ಲ ಹಸಿರು ಉರಿಯುತ್ತಿತ್ತು. ಹಗಲು ರಾತ್ರಿ ಎಚ್ಚರವಿರಬೇಕಾದ ಯಂತ್ರ ನಮ್ಮೆಲ್ಲರ ಹಾಗೆ ಮಧ್ಯಾಹ್ನ ಮಲಗುತ್ತಿತ್ತು.

“ನೀವ ಎಲ್ಲಾರೂ ಹೇಳಿದ್ರಲ್ಲಾ ಸಾರ್, ಬಂದ್ ಮಾಡಿ ಹೋಗಂತ,” ಎಂದು ಹೊನ್ನೂರಪ್ಪ ಅಳುವ ದನಿಯಲ್ಲಿ ಹೇಳಿದ. ಬಡಪಾಯಿ, ಅವನದೇನು ತಪ್ಪು? ಇವರು ಬೈಯಲಿಲ್ಲ. ನೆಲದ ಮೇಲೆ ಕೂತುಬಿಟ್ಟರಂತೆ.

ಉಳಿದ ಬೇಸಿಗೆಯಷ್ಟೂ ಅವರು ಮಧ್ಯಾಹ್ನ ಕಚೇರಿಯಲ್ಲೇ ಉಳಿದರು. ಎಲ್ಲರೂ ಹೋದ ಮೇಲೆ ಮೇನ್ ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಕೊಂಡು ಸಂಜೆಯವರೆಗೆ ಕೂರುತ್ತಿದ್ದರು. ಮೊದಲ ದಿನವೇ ಫಲಕ ಕೆಂಪಾಯಿತು. ಮರುದಿನವೂ ಕೆಂಪು. ರಸ್ತೆಯಲ್ಲಿ ಹೋಗುವವರು ನಿಂತು ಏನ್ರಿ ಇದು ಎಂದು ಕೇಳತೊಡಗಿದರು. ಆಗ ನಮ್ಮವರು ಏನು ಮಾಡಿದರು ಗೊತ್ತೇ? ಜನ ಗಾಬರಿಯಾಗುತ್ತಾರೆಂದು ಯಾರದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸನ್ನು ಫಲಕದ ಮೇಲೆ ಕಟ್ಟಿಸಿದರು. ಇವರು ಏಣಿ ಹಾಕಿ ಅದನ್ನು ಬಿಚ್ಚಿ, ಮಡಚಿ, ಬೈಕಿಗೆ ಹಾಕಿಕೊಂಡು ಹೋಗಿ ಕುರುಗೋಡಿನ ಕಣದಲ್ಲಿ ಮೆಣಸಿನಕಾಯಿಯ ಕೆಳಗೆ ಹಾಸಲು ಕೊಟ್ಟರು. ಅದಕ್ಕೊಂದು ಇಲಾಖಾ ವಿಚಾರಣೆ. ವಿಚಾರಣೆ ಮುಗಿಯುವ ಮೊದಲೇ ನನ್ನ ನಿವೃತ್ತಿ ಬಂತು, ಆಮೇಲೆ ಅವರದು. ಅವರಿಗೆ ಬೀಳ್ಕೊಡುಗೆ ಸಮಾರಂಭ ಮಾಡಲಿಲ್ಲ. ಮಾಡಿದ್ದರೂ ಬರುತ್ತಿರಲಿಲ್ಲ ಎನ್ನಿ.

ನಿವೃತ್ತಿಯಾದ ಮೇಲೂ ಸತ್ಯನಾರಾಯಣಪೇಟೆಯ ನನ್ನ ಮನೆಗೆ ಆಗಾಗ ಬರುತ್ತಿದ್ದರು. ಮಧ್ಯಾಹ್ನದ ಕೆಲಸ ನಿಲ್ಲಿಸುವ ಆದೇಶದ ಕಡತ ಯಾವ ಮೇಜಿನ ಮೇಲಿದೆ ಎಂದು ಕೇಳುತ್ತಿದ್ದರು. ನನಗೇನು ಗೊತ್ತು, ನಾನೂ ಮನೆಯಲ್ಲಿ ಕೂತವಳು. “ಹುಡುಕಸ್ರಿ ಮೇಡಂ, ನಿಮ್ಮ ಮಾತು ಕೇಳ್ತಾರ. ಅಕ್ಕಗ ಈ ಸಲದ ಬ್ಯಾಸಿಗಿ ಕಷ್ಟ ಐತಿ,” ಎನ್ನುತ್ತಿದ್ದರು. ಬೇಡಿಕೊಳ್ಳುವುದು ಗೊತ್ತಿಲ್ಲದ ಮನುಷ್ಯ ಬೇಡಿಕೊಳ್ಳುತ್ತಿದ್ದ. ನೋಡಲಾಗುತ್ತಿರಲಿಲ್ಲ. ಮಾಘದಲ್ಲಿ ಒಂದು ಬೆಳಿಗ್ಗೆ ಬೈಕಿಗೆ ಕಿಕ್ ಹೊಡೆಯುವಾಗ ಕುಸಿದರು, ಎದೆಬಡಿತ ನಿಂತಿತ್ತು. ಅದಕ್ಕೂ ಅವರು ಕುಡಿದ ಗಾಳಿಗೂ ಸಂಬಂಧವಿದೆಯೇ ಎಂದು ನಾನು ಹೇಳಲಾರೆ. ಪುರಾವೆ ಇಲ್ಲದ ಮಾತು ಆಡಬ್ಯಾಡ್ರಿ ಎಂದು ಅವರೇ ಗದರುತ್ತಿದ್ದರು.

ಸಂತಾಪ ಸಭೆಯಲ್ಲಿ ದೊಡ್ಡ ಸಾಹೇಬರು ಗದ್ಗದಿತರಾಗಿ ಆ ಆದೇಶ ಮಾಡಿಸಿಯೇ ತೀರುತ್ತೇನೆಂದು ಮಾತು ಕೊಟ್ಟರು, ಅದನ್ನು ಉಳಿಸಿಕೊಂಡರು ಕೂಡ. ಯುಗಾದಿಯ ಆಸುಪಾಸಿನಲ್ಲಿ ಆದೇಶ ಹೊರಬಿತ್ತು. ನಾನು ಎರಡು ಸಲ ಓದಿದೆ. ಓಜೋನು ಏರಿದ ದಿನ ಮಧ್ಯಾಹ್ನ ಕಣಗಳಲ್ಲಿ, ಗಿರಣಿಗಳ ಅಂಗಳದಲ್ಲಿ ಕೆಲಸ ನಿಲ್ಲತಕ್ಕದ್ದು, ಕೂಲಿ ಕಡಿಯತಕ್ಕದ್ದಲ್ಲ, ಬಳ್ಳಾರಿಯಲ್ಲಿ ಜನರೇಟರು, ಲಾರಿ ಎಲ್ಲಕ್ಕೂ ನಿರ್ಬಂಧ. ಪಾಲನೆಯಾಗುತ್ತಿದೆಯೇ ಎಂದು ನಮ್ಮ ಕಚೇರಿಯವರೇ ಸ್ಥಳಕ್ಕೆ ಹೋಗಿ ನೋಡಿ ವರದಿ ಮಾಡತಕ್ಕದ್ದು. ಅವರು ಕೇಳಿದ್ದೆಲ್ಲ ಅದರಲ್ಲಿತ್ತು. ಸತ್ತ ಮೇಲಾದರೂ ಗೆದ್ದಿರಲ್ಲ ಪುಣ್ಯಾತ್ಮ ಎಂದು ಒಬ್ಬಳೇ ಅತ್ತೆ.

ಅದರ ಪ್ರತಿ ಹಿಡಿದುಕೊಂಡು ಏಪ್ರಿಲ್‌ನಲ್ಲಿ ಕುರುಗೋಡಿಗೆ ಬಸ್ಸು ಹತ್ತಿದೆ. ಹುಲಿಗೆಮ್ಮನಿಗೆ ಓದಿ ಹೇಳಬೇಕಿತ್ತು. ತಡವಾಗಿ, ಬಿಸಿಲು ನೆತ್ತಿ ದಾಟಿದ ಮೇಲೆ ಇಳಿದೆ. ಬಳ್ಳಾರಿಯ ಕಚೇರಿ ಗೇಟಿನ ಫಲಕ ಕೆಂಪಾಗಿದ್ದನ್ನು ಬರುವಾಗಲೇ ನೋಡಿದ್ದೆ, ಈಗ ಮಧ್ಯಾಹ್ನ ಮೇನ್ ಇಳಿಸುವುದಿಲ್ಲ, ಅದಕ್ಕೆ ಯಾರೂ ಬಟ್ಟೆ ಮುಚ್ಚುವುದೂ ಇಲ್ಲ. ಮನೆಗೆ ಹೋದರೆ ಬೀಗ. ಕಣಕ್ಕೆ ಹೋದೆ.

ಕಣ ತುಂಬ ಹೆಂಗಸರಿದ್ದರು. ಹುಲಿಗೆಮ್ಮ ನಿಲ್ಲಲಾರದೆ ಕೂತಲ್ಲೇ ಕೂತು, ಕೈಗೆ ಸಿಕ್ಕಷ್ಟು ಕಾಯಿ ಹರವಿ, ಮುಂದಕ್ಕೆ ತೆವಳಿ, ಮತ್ತೆ ಹರವುತ್ತಿದ್ದಳು. ಮಡಿಲಲ್ಲಿ ಉಸಿರಿನ ಪಂಪು ಇತ್ತು. ನನ್ನನ್ನು ನೋಡಿ ನಕ್ಕಳು. ನನಗೆ ತಲೆಗೆ ಏರಿತು.

“ಯಾಕ ಕೆಲ್ಸ ಮಾಡಾಕತ್ತೀರಿ? ಸರ್ಕಾರದ ಹುಕುಂ ಆಗೇತಿ. ಮಧ್ಯಾಹ್ನ ಕೆಲ್ಸ ಬಂದ್ ಅಂತ. ನಿನ್ನ ತಮ್ಮ ಹೊಡದಾಡಿ ಮಾಡಿಸಿದ್ದವ್ವಾ ಇದು!”

“ಗೊತ್ತೈತ್ರಿ ಅಮ್ಮಾರ. ಮಾಲಕ ಒಲ್ಲೆ ಅಂದಾರಿಗೆ ನಾಳಿಂದ ಬರಬ್ಯಾಡ್ರಿ ಅಂತಾನ.” ಉಸಿರಿಗೆ ತಡೆದು, ಪಂಪು ಎಳೆದುಕೊಂಡು, ಮತ್ತೆ ಹೇಳಿದಳು. “ನಿಮ್ಮ ಆಫೀಸಿನವ್ರೂ ನೋಡಾಕ ಬಂದಿದ್ರು.”

“ಬಂದಿದ್ರಾ? ಮತ್ತ? ಏನಂದ್ರು?”

“ಮೊನ್ನಿ ಮುಂಜಾನಿ ಜೀಪಿನ್ಯಾಗ ಬಂದ್ರು. ನಸುಕಿನ್ಯಾಗ ರಾಶಿ ಬಿಚ್ಚಿ ಹೋದ್ರ ಬಿಸಿಲೇರೋತನ ನಾವು ತಿರುಗಿ ಕಣಕ್ಕ ಬರಂಗಿಲ್ಲಲ್ರಿ, ಇಲ್ಲಿ ಯಾರೂ ಇದ್ದಿದ್ದಿಲ್ಲ. ಕಣ ಖಾಲಿ ಐತಿ, ಎಲ್ಲಾರೂ ಹುಕುಂ ಪಾಲಿಸ್ಯಾರ ಅಂತ ಬರಕೊಂಡ್ರು. ಫೋಟೋ ಹೊಡಕೊಂಡ್ರು. ನಾ ಇಲ್ಲೇ ಬಾಜೂಕ ನೀರಿಗೆ ಬಂದಿದ್ನಿ, ಮಧ್ಯಾಹ್ನ ಬಂದು ನೋಡ್ರಿ ಯಪ್ಪಾ ಅಂದೆ. ಒಂದೂವರಿಗೆ ಆಫೀಸು ಬಂದ್ ಆಗತೈತಮ್ಮಾ ಅಂದ್ರು.”

ಆದೇಶದ ಕಾಗದ ಕೈಯಲ್ಲೇ ಇತ್ತು. ಹುಲಿಗೆಮ್ಮ ಬಹಳ ಹೊತ್ತು ಕೆಮ್ಮಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ನನಗೆ ಬೇಸರವಾಯಿತೆಂದು ತಿಳಿದು ಸಮಾಧಾನ ಹೇಳಿದಳು.

“ಹಂಗ ಖಾಲಿ ಕಳಸಿಲ್ಲ ಬಿಡ್ರಿ ಅಮ್ಮಾರ. ನನ್ನ ತಮ್ಮನ ಆಫೀಸಿನವ್ರು, ಅಷ್ಟು ದೂರದಿಂದ ಬಂದಾರಂತ ಮನಿಗೆ ಕರಕೊಂಡು ಹೋಗಿ, ಚಾ ಮಾಡಿ ಕುಡಿಸಿ ಕಳಿಸಿದೆ.”